ಅಜ್ಜಿ ಹೇಳುತ್ತಿದ್ದ ಸುಳ್ಳು

ಗರಗಸ ಹಿಮ್ಮಡಿಯ ಅರ್ಧದಷ್ಟು ಇಳಿದಿತ್ತು. ಆಗ ಬಂತು ವಾಸನೆ. ಸುಟ್ಟ ಟೈರಿನ ಮೇಲೆ ಕೊಳೆತ ಮೊಟ್ಟೆ ಒಡೆದು ಸುರಿದಂಥ ವಾಸನೆ. ದುರ್ಬೀನಮ್ಮ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

“ಸಾಕಾ ಮೇಡಂ, ಇನ್ನೂ ಕೊಯ್ಯಲಾ?” ಎಂದು ಟೆಕ್ನಿಷಿಯನ್ ಕೇಳಿದ. ಆಸ್ಪತ್ರೆಯ ಕೃತಕ ಕಾಲಿನ ವಿಭಾಗದಲ್ಲಿ ಹದಿನೆಂಟು ವರ್ಷದಿಂದ ಜನರಿಗೆ ಕಾಲು ಜೋಡಿಸುತ್ತಿದ್ದವನು ಅವನು.

“ಪೂರ್ತಿ ಕೊಯ್ದುಬಿಡಿ. ಅರ್ಧ ನೋಡಿ ಅಸಹ್ಯ ಪಟ್ಕೊಂಡ್ರೆ ತನಿಖೆ ಆಗಲ್ಲ.”

ರಬ್ಬರಿನ ಪಾದ ಎರಡು ಹೋಳಾಗಿ ಮೇಜಿನ ಮೇಲೆ ಬಿತ್ತು. ಹೊರಗಿನಿಂದ ಚೆಂದದ ಪಾದ. ಐದು ಬೆರಳು, ಬೆರಳಿಗೆ ಉಗುರು, ಉಗುರಿಗೆ ತಿದ್ದಿದ ಅಂಚು. ಒಳಗೆ ಮಾತ್ರ ಕಂದು ಬಣ್ಣದ ಅಂಟು. ಟೆಕ್ನಿಷಿಯನ್ ಸ್ಕ್ರೂಡ್ರೈವರಿನ ತುದಿ ತಾಗಿಸಿ ಎಳೆದರೆ ಅದು ನೂಲುನೂಲಾಗಿ ಎದ್ದು ಬಂತು. ಹೊರಗೆ ಥಳಕು, ಒಳಗೆ ಹುಳುಕು ಎಂಬ ಮಾತನ್ನು ದುರ್ಬೀನಮ್ಮ ಸಾವಿರ ಸಲ ಕೇಳಿದ್ದಳು. ಅದಕ್ಕೆ ಇಂಥದೊಂದು ವಾಸನೆಯೂ ಇರುತ್ತದೆ ಎಂದು ಇವತ್ತು ಗೊತ್ತಾಯಿತು.

ಈ ಪಾದದ ಮೇಲೆ ಒಬ್ಬ ಟೀಚರಮ್ಮ ನಾಲ್ಕು ತಿಂಗಳು ನಡೆದಿದ್ದರು. ಆರು ದಿನದ ಹಿಂದೆ ಶಾಲೆಯ ಮೆಟ್ಟಿಲಿಳಿಯುವಾಗ ಪಾದ ಅಂಗಾಲಿನಲ್ಲಿ ಸೀಳಿತು. ಆಕೆ ಹದಿಮೂರು ಮೆಟ್ಟಿಲು ಉರುಳಿ, ಸೊಂಟ ಮುರಿದುಕೊಂಡು, ಈಗ ಇದೇ ಕಟ್ಟಡದ ಮೂರನೇ ಮಹಡಿಯಲ್ಲಿ ಮಲಗಿದ್ದರು.

“ಹದ ಮೀರಿ ಬೆಂದಿದೆ,” ಎಂದ ಟೆಕ್ನಿಷಿಯನ್. “ದಪ್ಪ ರಬ್ಬರು ಹೀಗೇ. ಶಾಖ ಸ್ವಲ್ಪ ಜಾಸ್ತಿ ಆದ್ರೂ ಗಟ್ಟಿಯಾಗಿದ್ದು ಒಳಗಿಂದ ಮತ್ತೆ ಸೋತು ಅಂಟಾಗುತ್ತೆ. ಮೇಲ್ನೋಟಕ್ಕೆ ಏನೂ ಗೊತ್ತಾಗಲ್ಲ. ಟೀಚರಮ್ಮ ನಿಧಾನಸ್ಥೆ, ಅದಕ್ಕೆ ನಾಲ್ಕು ತಿಂಗಳು ಬಂತು. ಏಣಿ ಗೀಣಿ ಹತ್ತೋರಿಗೆ ಎರಡು ವಾರವೂ ಬಾಳ್ತಿರ್ಲಿಲ್ಲ.”

ಏಣಿ ಎಂದ ಕೂಡಲೇ ದುರ್ಬೀನಮ್ಮನ ಮುಖ ನೋಡಿ ಅವನೇ ಸಮಾಧಾನ ಹೇಳಿದ. “ನಿಮ್ಮ ತಮ್ಮನಿಗೆ ನಾನು ಹಾಕಿದ್ದು ಹಳೇ ಕಂಪನಿ ಪಾದ ಮೇಡಂ. ಅದು ಬಂಡೆ. ಇದು ಹೊಸ ಕಂಪನಿ ಮಾಲು.”

ಅವಳ ತಮ್ಮ ಎಲೆಕ್ಟ್ರಿಷಿಯನ್. ಐದು ವರ್ಷದ ಹಿಂದೆ ಒಂದು ಪಾದ ಹೋಯಿತು. ಏಣಿ ಮಾತ್ರ ಬಿಡಲಿಲ್ಲ. ತಯಾರಿಕೆಯ ಗುಟ್ಟು ಕದ್ದವರನ್ನು ಹುಡುಕುವ ಈ ಕೇಸು ಒಪ್ಪಿಕೊಂಡ ಮರುದಿನ ಹಳೆ ಕಂಪನಿಯ ಯಜಮಾನರು ಅವನಿಗೊಂದು ಹೊಸ ಪಾದ ಉಚಿತವಾಗಿ ಕಳಿಸಿಕೊಟ್ಟಿದ್ದರು. ಬೇಡ ಎನ್ನಬೇಕಿತ್ತು. ತನಿಖೆಗೆ ಕರೆದವರ ಎಂಜಲು ಕೈಗೆ ಹತ್ತಿದರೆ ತೊಳೆದರೂ ಹೋಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೆ ತಮ್ಮ ಅದನ್ನು ಪುಟ್ಟ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ಹಿಮ್ಮಡಿಯಲ್ಲಿ ಅಚ್ಚೊತ್ತಿದ್ದ ತಯಾರಿಕೆಯ ತಾರೀಖು ತೋರಿಸಿ, “ನೋಡಕ್ಕಾ, ಈ ತಿಂಗಳ ಹನ್ನೊಂದು. ನೀನೂ ನನ್ನ ಪಾದವೂ ಒಂದೇ ದಿನ ಹುಟ್ಟಿದ್ದು. ಇನ್ಮೇಲೆ ನಿನ್ನ ಹುಟ್ಟುಹಬ್ಬ ಮರೆಯಲ್ಲ,” ಎಂದು ನಕ್ಕಿದ್ದ. ಆ ನಗುವಿನ ಮುಂದೆ ಬೇಡ ಎನ್ನಲು ಅವಳಿಗೆ ಆಗಲಿಲ್ಲ, ಅವನು ಅದನ್ನೇ ಹಾಕಿಕೊಂಡು ಏಣಿ ಹತ್ತತೊಡಗಿದ್ದ.

ವಿಮಾ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಅಪಘಾತಗಳ ನಿಜ ಸುಳ್ಳು ಸೋಸಿ, ಈಗ ಸ್ವಂತ ತನಿಖೆಗೆ ಇಳಿದಿದ್ದ ಹೆಂಗಸು ಅವಳು. ಸೋಡಾ ಬಾಟಲಿಯ ತಳದಷ್ಟು ದಪ್ಪ ಕನ್ನಡಕದಿಂದಾಗಿ ದುರ್ಬೀನಮ್ಮ ಎಂಬ ಹೆಸರು ಬಂದಿತ್ತು. ಎದುರಿಗೆ ಎಲ್ಲರೂ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಎಲ್ಲರೂ ದುರ್ಬೀನಮ್ಮ ಎನ್ನುತ್ತಿದ್ದರು, ಎರಡೂ ಅವಳಿಗೆ ಕೇಳಿಸುತ್ತಿತ್ತು.

ಗಂಟೆ ಒಂದೂವರೆ. ಹಳೆ ಕಂಪನಿಯ ಭಟ್ಟಿ ಮೇಸ್ತ್ರಿ ತಯಾರಿಕೆಯ ಪುಸ್ತಕವನ್ನು ತನ್ನ ಅಳಿಯನ ಹೊಸ ಕಂಪನಿಗೆ ಮಾರಿದ್ದಾನೆ ಎಂಬ ಯಜಮಾನರ ದೂರು ಸಂಜೆ ಐದಕ್ಕೆ ಪೊಲೀಸರ ಕೈ ಸೇರಲಿತ್ತು. ಅಷ್ಟರೊಳಗೆ ಬೇರೆ ಕಳ್ಳನನ್ನು ತೋರಿಸದಿದ್ದರೆ ಮೂವತ್ತೊಂದು ವರ್ಷ ಭಟ್ಟಿಯ ಮುಂದೆ ನಿಂತ ಮನುಷ್ಯ ಠಾಣೆಯ ಬೆಂಚಿನ ಮೇಲೆ ಕೂರಬೇಕಾಗಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಮೇಸ್ತ್ರಿಯ ಬಳಿ ಮಾನ ಬಿಟ್ಟರೆ ಬೇರೆ ಆಸ್ತಿಯೂ ಇರಲಿಲ್ಲ.

ಅವಳು ಕಾರಿಡಾರಿನಿಂದಲೇ ಅವನಿಗೆ ಫೋನ್ ಮಾಡಿ, ಪಾದ ಬೇಯಿಸುವ ಶಾಖ ಎಷ್ಟು ಎಂದು ಕೇಳಿದಳು.

“ಪುಸ್ತಕದಲ್ಲಿ ನೂರೈವತ್ತು ಡಿಗ್ರಿ ತಾಯಿ. ಅಂದ್ರೆ ಅಜ್ಜಿಗೆ ನೂರೈವತ್ತು.”

“ಅಜ್ಜಿ ಯಾರು?”

ಅತ್ತ ಕಡೆ ಸಣ್ಣಗೆ ನಗು ಕೇಳಿತು. ಕೆಲಸದಿಂದ ಮನೆಗೆ ಕಳಿಸಿದ ಮೇಲೆ ಈ ಮೂರು ವಾರದಲ್ಲಿ ಮೊದಲ ಸಲ ನಕ್ಕಿದ್ದಿರಬೇಕು. ಅಜ್ಜಿ ಎಂದರೆ ಹಳೆಯ ಭಟ್ಟಿ. ಯಜಮಾನರು ಕಂಪನಿ ಶುರುಮಾಡಿದಾಗ, ತಾವು ಮೊದಲು ಕೆಲಸಕ್ಕಿದ್ದ ಕಾರ್ಖಾನೆ ಮುಚ್ಚಿಹೋಗುವಾಗ ತಂದದ್ದು. ಅದರ ಶಾಖ ತೋರಿಸುವ ಮುಳ್ಳು ಮೊದಲಿನಿಂದಲೂ ಒಂಬತ್ತು ಡಿಗ್ರಿ ಜಾಸ್ತಿ ತೋರಿಸುತ್ತಿತ್ತು. ಮುಳ್ಳು ನೂರೈವತ್ತು ಎಂದರೆ ಒಳಗೆ ನಿಜವಾಗಿ ಇರುವುದು ನೂರನಲವತ್ತೊಂದು. ಯಾರೂ ರಿಪೇರಿ ಮಾಡಿಸಲಿಲ್ಲ. ಭಟ್ಟಿಯ ಮುಂದೆ ನಿಂತವರೇ ಮುಳ್ಳಿಗೆ ಹೊಂದುವಂತೆ ಪುಸ್ತಕ ಬರೆದುಕೊಂಡರು. ಕೆಳಮಹಡಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನವೇ ಹೇಳುತ್ತಿದ್ದ ಮಾತು ಒಂದೇ: ಅಜ್ಜಿ ಒಳ್ಳೆಯವಳು, ಒಂಬತ್ತು ಮಾತ್ರ ಸುಳ್ಳು ಹೇಳ್ತಾಳೆ.

“ಇದನ್ನ ನೀವು ಮೊದಲೇ ಯಾಕೆ ಹೇಳಲಿಲ್ಲ ಮೇಸ್ತ್ರಿಗಳೇ?”

“ಇದರಲ್ಲಿ ಹೇಳೋದೇನಿದೆ ತಾಯಿ? ಹಾಲು ಉಕ್ಕುತ್ತೆ ಅಂತ ಯಾರಾದ್ರೂ ಬರೆದಿಡ್ತಾರಾ?”

ನಿಮ್ಮನ್ನು ನೋಡಲು ಮಗಳು ಮನೆಗೆ ಬಂದಳೇ ಎಂದು ದುರ್ಬೀನಮ್ಮ ಕೇಳಿದಳು. ಇಲ್ಲ, ಅವಳಿಗೂ ಗಂಡನ ಮನೆ ಅನ್ನೋದಿದೆಯಲ್ಲ ಎಂದು ಹೇಳಿ ಮೇಸ್ತ್ರಿ ಫೋನ್ ಇಟ್ಟ. ಅವಳು ಟೆಕ್ನಿಷಿಯನ್ನನ ಕೈಯಿಂದ ಶಾಖ ಅಳೆಯುವ ಮೀಟರು ಇಸಿದುಕೊಂಡು ಚೀಲಕ್ಕೆ ಹಾಕಿಕೊಂಡಳು.

*

ಹೊಸ ಕಂಪನಿಯಲ್ಲಿ ಯಾವ ವಾಸನೆಯೂ ಇರಲಿಲ್ಲ. ಅದೇ ಮೊದಲು ಅನುಮಾನ ಹುಟ್ಟಿಸುವಂತಿತ್ತು. ರಬ್ಬರು ಬೇಯಿಸುವ ಜಾಗದಲ್ಲಿ ನಿಂಬೆಯ ಪರಿಮಳ ಬರುತ್ತದೆಂದರೆ ಯಾರೋ ಏನನ್ನೋ ಮುಚ್ಚುತ್ತಿದ್ದಾರೆ ಎಂದೇ ಅರ್ಥ. ಗೋಡೆಯ ಮೇಲೆ ಓಡುವ, ಜಿಗಿಯುವ, ಬೆಟ್ಟ ಹತ್ತುವ ಪಾದಗಳ ದೊಡ್ಡ ದೊಡ್ಡ ಫೋಟೋ. ಕೆಳಗೆ ‘ನಮ್ಮದೇ ಸಂಶೋಧನೆ’ ಎಂಬ ಬರಹ.

ಒಂದೂವರೆ ವರ್ಷದ ಹಿಂದೆ ಹಳೆ ಕಂಪನಿ ಬಿಟ್ಟು ಬಂದ ಮೂವರು ಕಟ್ಟಿದ ಸಂಸ್ಥೆ ಇದು. ಒಬ್ಬ ಮಾರಾಟದವನು, ಒಬ್ಬ ಖರೀದಿಯವನು, ಮೂರನೆಯವನು ನಕ್ಷೆ ಬಿಡಿಸುತ್ತಿದ್ದ ಅಳಿಯ. ಮೂವರೂ ಭಟ್ಟಿಯ ಕಡೆ ಇಳಿಯದ ಮೇಲ್ಮಹಡಿಯವರು ಎಂಬುದನ್ನು ದುರ್ಬೀನಮ್ಮ ಮೊದಲೇ ಬರೆದುಕೊಂಡಿದ್ದಳು. ಅದರ ಬೆಲೆ ಇವತ್ತು ತಿಳಿಯಿತು.

ಅಳಿಯ ಗಾಜಿನ ಕೋಣೆಯಲ್ಲಿ ಕಾಯುತ್ತಿದ್ದ. ಇಸ್ತ್ರಿ ಮಡಿಕೆ ಮುರಿಯದ ಅಂಗಿ, ಬೆಣ್ಣೆಯಲ್ಲಿ ಅದ್ದಿದಂಥ ಮಾತು. ಕಂಪನಿಯ ಹೆಸರು ಅಂಟಿಸಿದ ನೀರಿನ ಬಾಟಲಿಯನ್ನು ಮುಂದೆ ತಳ್ಳಿ, ಟೀಚರಮ್ಮನ ವಿಷಯ ತಿಳಿದು ತಮಗೆಲ್ಲ ಬಹಳ ಬೇಸರವಾಯಿತು, ಅವರಿಗೆ ಹೂಗುಚ್ಛ ಕಳಿಸಿದ್ದೇವೆ ಎಂದ. ಸೊಂಟ ಮುರಿದವಳು ಹೂವನ್ನು ಏನು ಮಾಡಬೇಕು ಎಂದು ಅವಳು ಕೇಳಲಿಲ್ಲ.

“ನಿಮ್ಮ ಭಟ್ಟಿ ಎಷ್ಟು ಶಾಖಕ್ಕೆ ಇಡ್ತೀರಿ?”

“ನೂರೈವತ್ತು, ಒಂದೂಕಾಲು ಗಂಟೆ,” ಎಂದ ಅವನು ಹೆಮ್ಮೆಯಿಂದ. “ನಮ್ಮದು ಹೊಸಾ ಭಟ್ಟಿ ಮೇಡಂ, ಅರ್ಧ ಡಿಗ್ರಿನೂ ಆಚೀಚೆ ಆಗಲ್ಲ. ಎಷ್ಟೋ ತಿಂಗಳು ಪ್ರಯೋಗ ಮಾಡಿ ಕಂಡುಕೊಂಡ ಲೆಕ್ಕ ಅದು.”

“ಅಜ್ಜಿ ಗೊತ್ತಾ ನಿಮಗೆ?”

“ಯಾರ ಅಜ್ಜಿ?”

ಅಷ್ಟು ಸಾಕಾಗಿತ್ತು. ಏಳು ವರ್ಷ ಆ ಕಟ್ಟಡದಲ್ಲಿ ಸಂಬಳ ತಿಂದವನು, ಭಟ್ಟಿ ಮೇಸ್ತ್ರಿಯ ಮಗಳನ್ನೇ ಮದುವೆಯಾದವನು, ಅಜ್ಜಿಯ ಹೆಸರನ್ನೇ ಕೇಳಿರಲಿಲ್ಲ. ಆ ನಾತ ನನಗೆ ಆಗಿಬರುತ್ತಿರಲಿಲ್ಲ, ಕೆಳಗೆ ಇಳಿದದ್ದೇ ಕಡಿಮೆ ಎಂದು ಅವನೇ ಹೇಳಿಕೊಂಡ. ಮಾವ ಕೂಡ ಮನೆಯಲ್ಲಿ ಕೆಲಸದ ಮಾತಾಡುವವರಲ್ಲ, ನಾನೂ ಕೇಳಿದವನಲ್ಲ ಎಂದ.

ದುರ್ಬೀನಮ್ಮ ಚೀಲದಿಂದ ಪೇಪರಿನ ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದಳು. ಅರ್ಧ ಪಾದ. ನಿಂಬೆಯ ಪರಿಮಳ ಸೋತುಹೋಯಿತು. ಅಳಿಯ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಬಾಯಿಗೆ ಅಂಗೈ ಹಿಡಿದ.

“ಮೂಗು ಮುಚ್ಕೋಬೇಡಿ. ನೀವೇ ಮಾಡಿದ್ದು. ಆ ನೂರೈವತ್ತು ಅನ್ನೋದು ಸುಳ್ಳು ಹೇಳೋ ಒಂದು ಮುಳ್ಳಿನ ಲೆಕ್ಕ. ನಿಜವಾದ ಶಾಖ ಅದಕ್ಕಿಂತ ಒಂಬತ್ತು ಕಮ್ಮಿ. ಅಲ್ಲಿ ಕೆಳಮಹಡಿ ಗುಡಿಸೋಳಿಗೂ ಗೊತ್ತು ಅದು. ನಿಮ್ಮ ಮಾವ ಹೇಳಿಕೊಟ್ಟಿದ್ರೆ ಮೊದಲ ಮಾತೇ ಅದಾಗಿರ್ತಿತ್ತು. ಮಗಳ ಗಂಡನಿಗೆ ಯಾರೂ ಕೆಟ್ಟ ಲೆಕ್ಕ ಕೊಡಲ್ಲ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನ ಕೈ ಮೇಜಿನ ಮೇಲಿದ್ದ ಮೊಬೈಲಿನ ಕಡೆ ಹೋಯಿತು. ಮೆಲ್ಲಗೆ ಅದನ್ನು ಬೋರಲು ಹಾಕಿದ. ದಪ್ಪ ಕನ್ನಡಕ ಅದನ್ನು ನೋಡದೆ ಬಿಡಲಿಲ್ಲ.

“ಮೇಡಂ, ಒಂದು ಮಾತು,” ಎಂದ ಅವನು, ದನಿ ತಗ್ಗಿಸಿ. “ಕೆಲಸ ಬಿಡೋನು ಕಲಿತದ್ದನ್ನ ಗೇಟಿನಲ್ಲಿ ಒಪ್ಪಿಸಿ ಬರೋಕಾಗುತ್ತಾ? ತಲೆ ಜೊತೆಗೇ ಬರುತ್ತೆ. ನಮ್ಮ ಹಳೇ ಯಜಮಾನ್ರು ಏನು ಆಕಾಶದಿಂದ ಉದುರಿದ್ರಾ? ಆ ಪುಸ್ತಕದ ಮೊದಲ ಇಪ್ಪತ್ತು ಪುಟ ಅವರು ಮುಂಚೆ ಇದ್ದ ಕಾರ್ಖಾನೆಯದ್ದು. ಅಕ್ಷರವೂ ಅವರದ್ದಲ್ಲ. ಅದನ್ನ ಯಾರೂ ಕಳ್ಳತನ ಅನ್ನಲಿಲ್ಲ.”

ಅದೂ ನಿಜವೇ ಇರಬೇಕು ಎಂದು ಅವಳಿಗೆ ಅನ್ನಿಸಿತು. ಅದು ನಿಜ ಎಂಬುದರಿಂದ ಹೇಸಿಗೆ ಇನ್ನಷ್ಟು ಹೆಚ್ಚಾಯಿತು. ಒಬ್ಬ ಉಂಡ ಮನೆಯ ಗಳ ಹಿರಿದು ತನ್ನ ಮನೆ ಕಟ್ಟಿದ, ಇನ್ನೊಬ್ಬ ಆ ಮನೆಯ ಗಳವನ್ನೇ ಹಿರಿದ. ಇಬ್ಬರ ಬಾಯಲ್ಲೂ ಜ್ಞಾನ, ಸಂಶೋಧನೆ ಎಂಬ ದೊಡ್ಡ ಮಾತುಗಳು.

“ತಲೆಯಲ್ಲಿ ಬಂದಿದ್ರೆ ನನ್ನ ತಕರಾರಿಲ್ಲ,” ಎಂದಳು ಅವಳು. “ತಲೆಯಲ್ಲಿ ಬಂದಿದ್ರೆ ಒಂಬತ್ತೂ ಜೊತೆಗೆ ಬರ್ತಿತ್ತು. ನಿಮಗೆ ಬಂದಿರೋದು ಮೊಬೈಲಿನಲ್ಲಿ. ಮಾವ ಪುಸ್ತಕ ಮನೆಗೆ ತಂದಿದ್ದ ದಿನ, ಅವರು ಕೈ ತೊಳೆಯೋಕೆ ಹೋದಾಗ ಪುಟದ ಫೋಟೋ ಹೊಡ್ಕೊಂಡ್ರಿ. ಆಮೇಲೆ ಕಳ್ಳ ಅಂತ ಅವರ ಹೆಸರು ಬಂದಾಗ ಬಾಯಿ ಮುಚ್ಕೊಂಡು ಕೂತ್ರಿ.”

ಅಳಿಯ ಇಲ್ಲ ಎನ್ನಲಿಲ್ಲ. ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತ, ಮಾವನಿಗೆ ವಯಸ್ಸಾಗಿದೆ, ಅವರ ಮೇಲೆ ಕೇಸು ನಿಲ್ಲುವುದಿಲ್ಲ, ನನ್ನ ಮೇಲಾದರೆ ಮೂವತ್ತು ಜನರ ಕಂಪನಿ ಮುಳುಗುತ್ತದೆ, ಮಗಳ ಸಂಸಾರದ ಮುಖ ನೋಡಿ ಅವರೇ ಸುಮ್ಮನಿರುತ್ತಾರೆ ಎಂದು ಲೆಕ್ಕ ಒಪ್ಪಿಸಿದ. ಎಲ್ಲವನ್ನೂ ಯೋಚಿಸಿಟ್ಟಿದ್ದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಮಾವ ಮಾತ್ರ ಮುರಿದರೆ ಅಡ್ಡಿಯಿಲ್ಲ.

“ಭಟ್ಟಿ ಇವತ್ತೇ ನಿಲ್ಲಿಸಿ. ಮಾರಿದ ಪಾದ ಎಲ್ಲಾ ವಾಪಸ್ ತರಿಸಿ.”

“ಮುಂದಿನ ವಾರದ ಮೀಟಿಂಗಿನಲ್ಲಿ ಚರ್ಚೆಗೆ ಇಡ್ತೀನಿ ಮೇಡಂ. ಇನ್ನು ಆ ಒಂಬತ್ತಿನ ವಿಷಯ, ಮಾವನ ಬಾಯಿಮಾತು ಬಿಟ್ಟರೆ ಅದಕ್ಕೆ ಸಾಕ್ಷಿ ಏನಿದೆ?”

ಅವಳು ಬಾಟಲಿ ಮುಟ್ಟದೆ ಎದ್ದಳು. ಅರ್ಧ ಪಾದವನ್ನು ಬೇಕೆಂದೇ ಮೇಜಿನ ಮೇಲೆ ಬಿಟ್ಟಳು. ಇನ್ನರ್ಧ ಚೀಲದಲ್ಲೇ ಇತ್ತು.

*

ಸಾಕ್ಷಿ ಇತ್ತು. ಹಳೆ ಕಂಪನಿಯ ಕೆಳಮಹಡಿಯಲ್ಲಿ ಸಾಕ್ಷಿ ತನ್ನ ಪಾಡಿಗೆ ತಾನು ಸುಳ್ಳು ಹೇಳುತ್ತ ನಿಂತಿತ್ತು. ಅಜ್ಜಿಯ ಹೊಟ್ಟೆಗೆ ಮೀಟರು ಇಳಿಸಿ, ಮುಳ್ಳಿನ ಪಕ್ಕ ಹಿಡಿದು ಒಂದು ಫೋಟೋ ತೆಗೆದರೆ ಮೇಸ್ತ್ರಿ ಪಾರಾಗುತ್ತಿದ್ದ. ದಾರಿಯುದ್ದಕ್ಕೂ ಅವಳು ಅದನ್ನೇ ಹೇಳಿಕೊಂಡಳು.

ನಾಲ್ಕು ಗಂಟೆಗೆ ಅವಳು ಮೆಟ್ಟಿಲಿಳಿದು ಭಟ್ಟಿಯ ಕೋಣೆಗೆ ಕಾಲಿಟ್ಟಾಗ ಅಜ್ಜಿ ಇರಲಿಲ್ಲ.

ನೆಲದಲ್ಲಿ ಮಂಚದಗಲದ ಒಂದು ಚೌಕ ಮಾತ್ರ ಬೆಳ್ಳಗೆ ಉಳಿದಿತ್ತು. ಸುತ್ತ ಮೂವತ್ತು ವರ್ಷದ ಮಸಿ. ಚೌಕದ ಪಕ್ಕದಲ್ಲಿ ಉಕ್ಕಿನ ಹೊಸ ಭಟ್ಟಿ, ಅದರ ಹಣೆಯ ಮೇಲೆ ಹಸಿರು ಅಂಕಿ: 150.

ಭಟ್ಟಿಯ ಮುಂದೆ ಕೈಗವಸು ಹಾಕಿಕೊಂಡ ಒಬ್ಬ ಹೆಂಗಸು ನಿಂತಿದ್ದಳು. ಮೇಲ್ಮಹಡಿಯ ಪ್ಯಾಕಿಂಗ್ ವಿಭಾಗದವಳಂತೆ. ಹಿಂದಿನ ತಿಂಗಳವರೆಗೆ ಪಾದಗಳಿಗೆ ಪೆಟ್ಟಿಗೆ ಕಟ್ಟುತ್ತಿದ್ದವಳನ್ನು, ಮೇಸ್ತ್ರಿಯನ್ನು ಮನೆಗೆ ಕಳಿಸಿದ ದಿನ ಯಜಮಾನರು ಇಲ್ಲಿ ತಂದು ನಿಲ್ಲಿಸಿದ್ದರು. ಮೇಸ್ತ್ರಿ ಇದ್ದಷ್ಟು ದಿನ ಅಜ್ಜಿಯನ್ನು ಅಲ್ಲಾಡಿಸಲು ಬಿಟ್ಟಿರಲಿಲ್ಲ. ಅವನು ಗೇಟು ದಾಟಿದ ಮರುದಿನವೇ, ಈ ತಿಂಗಳ ಮೂರನೇ ತಾರೀಖು, ಹಳೆಯದು ಗುಜರಿಗೆ ಹೋಗಿ ಹೊಸದು ಬಂತು ಎಂದು ಅವಳು ಹೇಳಿದಳು. ಮೇಸ್ತ್ರಿಯ ಕೈಕೆಳಗಿದ್ದ ಇಬ್ಬರು ಅದೇ ದಿನ ಜಗಳವಾಡಿ ಕೆಲಸ ಬಿಟ್ಟಿದ್ದರು.

“ಶಾಖ ಎಷ್ಟು ಇಡ್ಬೇಕು ಅಂತ ಯಾರು ಹೇಳಿದ್ದು?”

“ಯಜಮಾನ್ರು ಪುಸ್ತಕ ಕೊಟ್ಟಿದಾರಲ್ಲ ಮೇಡಂ. ಅದರಲ್ಲಿ ಇದ್ದ ಹಾಗೇ ಇಟ್ಟಿದೀನಿ.”

ದುರ್ಬೀನಮ್ಮ ಮೀಟರು ಇಳಿಸಿದಳು. ನೂರೈವತ್ತು. ಹೊಸ ಭಟ್ಟಿ ಸುಳ್ಳು ಹೇಳುತ್ತಿರಲಿಲ್ಲ.

ಅವಳು ಕಪಾಟಿನಿಂದ ಒಂದು ಪಾದ ಎತ್ತಿಕೊಂಡು, ಗರಗಸ ಎಲ್ಲಿದೆ ಎಂದು ಕೇಳಿದಳು. ಹೆಂಗಸು ಹೆದರುತ್ತಲೇ ಕೊಯ್ದಳು. ಹಿಮ್ಮಡಿ ಅರ್ಧವಾಗುವ ಮೊದಲೇ ವಾಸನೆ ಎದ್ದಿತು. ಸುಟ್ಟ ಟೈರು, ಕೊಳೆತ ಮೊಟ್ಟೆ. ಒಳಗೆ ಅದೇ ಕಂದು ಅಂಟು. ದುರ್ಬೀನಮ್ಮ ಚೀಲದಲ್ಲಿದ್ದ ಟೀಚರಮ್ಮನ ಅರ್ಧ ಪಾದವನ್ನು ಪಕ್ಕದಲ್ಲಿಟ್ಟಳು. ಅವಳಿ ಮಕ್ಕಳ ಹಾಗೆ ಎರಡೂ ಒಂದೇ.

ಗೆದ್ದೆ ಎಂದುಕೊಂಡಳು. ಅಜ್ಜಿ ಹೋದರೇನು, ಪುಸ್ತಕದ ಲೆಕ್ಕ ಕೆಟ್ಟದ್ದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಕಳ್ಳರು ಕದ್ದದ್ದು ಬರೀ ಕಾಗದ. ಕಾಗದದ ಒಡೆಯನಿಗೂ ಗೊತ್ತಿದ್ದದ್ದು ಬರೀ ಕಾಗದ. ಹದ ಬಲ್ಲವನು ಒಬ್ಬನೇ ಇದ್ದ, ಅವನನ್ನು ಕಳ್ಳ ಎಂದು ಮನೆಗೆ ಕಳಿಸಿದ್ದರು.

ವಾಸನೆ ಮೇಲಕ್ಕೂ ಹೋಗಿರಬೇಕು. ಯಜಮಾನರು ಕರವಸ್ತ್ರ ಹಿಡಿದುಕೊಂಡು ಇಳಿದು ಬಂದರು. ಅವಳು ಎರಡೇ ವಾಕ್ಯದಲ್ಲಿ ವಿಷಯ ಹೇಳಿದಳು. ಅವರು ಮೇಜಿನ ಮೇಲಿದ್ದ ಎರಡು ಹೋಳುಗಳನ್ನು ನೋಡಿದರು. ಮುಖದ ಬಣ್ಣ ಇಳಿಯಿತು. ಆಮೇಲೆ, ನೋಡನೋಡುತ್ತಿದ್ದಂತೆಯೇ, ವ್ಯಾಪಾರದ ಕಳೆ ಮರಳಿ ಬಂತು.

“ಇದು ಈ ನಾಲ್ಕು ಗೋಡೆಯೊಳಗೇ ಇರ್ಲಿ,” ಎಂದರು. “ದೂರು ಐದು ಗಂಟೆಗೆ ಹೋಗುತ್ತೆ. ಮೇಸ್ತ್ರಿ ಹೋಗೋ ಮುಂಚೆ ಪುಸ್ತಕದ ಲೆಕ್ಕ ಬೇಕಂತ ಕೆಡಿಸಿಟ್ಟು ಹೋಗಿದಾನೆ ಅಂತ ಒಂದು ಸಾಲು ಸೇರಿಸಿದ್ರೆ ಆಯ್ತು. ಅವರ ಪಾದಕ್ಕೂ ನಮ್ಮ ಪಾದಕ್ಕೂ ಒಬ್ಬನೇ ಜವಾಬ್ದಾರ ಆಗ್ತಾನೆ.”

ಇಷ್ಟು ವರ್ಷದಲ್ಲಿ ಅವಳು ಬೆಂಕಿ ಇಟ್ಟವರನ್ನು ನೋಡಿದ್ದಳು, ಸುಳ್ಳು ಸಾವು ಬರೆಸಿದವರನ್ನು ನೋಡಿದ್ದಳು. ಯಾರನ್ನು ಕಂಡೂ ಇಷ್ಟು ಹೇಸಿಗೆ ಆಗಿರಲಿಲ್ಲ. ಅವಳು ಹೆಂಗಸಿನ ಕಡೆ ತಿರುಗಿದಳು.

“ಮೂರನೇ ತಾರೀಖಿನಿಂದ ಎಷ್ಟು ಪಾದ ಹೊರಗೆ ಹೋಗಿದೆ?”

“ಇನ್ನೂರ ಹನ್ನೆರಡು ಮೇಡಂ. ತಾರೀಖು ನಾನೇ ಹಿಮ್ಮಡಿಗೆ ಅಚ್ಚೊತ್ತೋದು.”

ತಾರೀಖು. ಹಿಮ್ಮಡಿ.

ಹನ್ನೊಂದು.

ದುರ್ಬೀನಮ್ಮ ಮೇಜಿನ ಮೇಲಿದ್ದ ಹೊಸ ಹೋಳನ್ನು ಎತ್ತಿ ಹಿಮ್ಮಡಿ ತಿರುಗಿಸಿದಳು, ತಮ್ಮನ ಪಾದದ ಮೇಲಿದ್ದಂಥದೇ ಅಚ್ಚು. ಎದುರಿಗಿದ್ದ ಯಜಮಾನರಿಗೂ ಅದೇ ಗಳಿಗೆಯಲ್ಲಿ ನೆನಪಾಗಿರಬೇಕು. ಅವರ ಬಾಯಿ ತೆರೆಯಿತು, “ನಿಮ್ಮ ತಮ್ಮ...” ಎಂದಿತು, ಮುಚ್ಚಿಕೊಂಡಿತು. ತಾವೇ ಕೈಯಾರೆ ಆರಿಸಿ ಕಳಿಸಿದ ಪಾದ. ಅವಳೇ ಬೇಡ ಎನ್ನದೆ ಇಸಿದುಕೊಂಡ ಪಾದ.

ಬೆಳಿಗ್ಗೆ ತಿಂಡಿ ತಿನ್ನುವಾಗ ತಮ್ಮ ಹೇಳಿದ್ದ, ಇವತ್ತು ಸಭಾಂಗಣದ ಚಾವಣಿಯ ದೀಪ ಬದಲಾಯಿಸುವ ಕೆಲಸ ಇದೆ, ಏಣಿ ಸಾಲದೆ ಎರಡು ಏಣಿ ಜೋಡಿಸಿ ಕಟ್ಟಬೇಕು ಎಂದು.

ಅವಳು ಫೋನ್ ತೆಗೆದು ಅವನ ನಂಬರು ಒತ್ತಿದಳು. ಕೈಗೆ ಅಂಟಿದ್ದ ಕಂದು ರಬ್ಬರು ಪರದೆಗೂ ಅಂಟಿತು. ಒಂದು ಸಲ ರಿಂಗಾಯಿತು. ಎರಡು. ಐದು. ಏಣಿಯ ಮೇಲಿದ್ದರೆ ಅವನು ಎತ್ತುವುದಿಲ್ಲ, ಎತ್ತಬಾರದು ಎಂದು ಅವಳೇ ಬೈದು ಕಲಿಸಿದ್ದಳು. ಎತ್ತದಿರಲಿ, ಇನ್ನೂ ಏಣಿಯ ಮೇಲೇ ಇರಲಿ ಎಂದು ಅವಳು ಈಗ ಬೇಡಿಕೊಂಡಳು.

ಎಂಟನೇ ರಿಂಗಿಗೆ ಯಾರೋ ಫೋನ್ ಎತ್ತಿದರು. ಹಿಂದೆ ಬಹಳ ಜನರ ಗದ್ದಲ. ದನಿ ತಮ್ಮನದಲ್ಲ.

“ಹಲೋ,” ಎಂದಿತು ಆ ಅಪರಿಚಿತ ದನಿ. “ನೀವು ಇವರಿಗೆ ಏನಾಗ್ಬೇಕು?”